ಒಂದು ಜೊತೆ ಬೂಟಿಗೆ ನಾಲ್ಕು ಊರು

ಭರಮಸಾಗರದಿಂದ ಚಿತ್ರದುರ್ಗಕ್ಕೆ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಹೆಂಗಸರಿಗೆ ಈಗ ಟಿಕೆಟ್ಟು ಉಚಿತ, ಸೀಟು ಮಾತ್ರ ಪುಣ್ಯವಂತರಿಗೆ. ಕೆರೆ ಏರಿ ಹಿಂದಾಗುವವರೆಗೂ ಕಂಬಿ ಹಿಡಿದು ನಿಂತಿದ್ದೆ. ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು ನನ್ನ ನರೆಗೂದಲು ನೋಡಿ ಎದ್ದು ಜಾಗ ಕೊಟ್ಟಳು. ಸೀಟು ಸಿಕ್ಕಿದ್ದಕ್ಕೆ ಸಂತೋಷವೂ ಆಯಿತು, ಕೂದಲಿಗೆ ಬಣ್ಣ ಹಚ್ಚಬೇಕಿತ್ತು ಅಂತಲೂ ಅನ್ನಿಸಿತು. ಮಡಿಲಲ್ಲಿದ್ದ ಚೀಲದಲ್ಲಿ ನಾನೇ ಹೊಲಿದ ಕಾಲುಚೀಲಗಳಿದ್ದವು, ಒಂದೊಂದೂ ಬೆರಳುದ್ದ. ಹೊಲಿಗೆ ಮಿಷಿನ್ನಿನ ಮುಂದೆ ಕೂತೇ ಮಕ್ಕಳನ್ನು ದೊಡ್ಡವರು ಮಾಡಿದವಳು ನಾನು, ಆದರೂ ಅಷ್ಟು ಸಣ್ಣದನ್ನು ಯಾವತ್ತೂ ಹೊಲಿದಿರಲಿಲ್ಲ. ಎಳೆ ಚರ್ಮಕ್ಕೆ ಒತ್ತಬಾರದೆಂದು ಹೊಲಿಗೆಯನ್ನೆಲ್ಲ ಹೊರಮೈಗೆ ಬರುವಂತೆ ಹಾಕಿದ್ದೆ.

ಹೊಲಿಸಿದ್ದು ಶಾರದಕ್ಕ. ನಮ್ಮ ದೊಡ್ಡಮ್ಮನ ಮಗಳು. ಚಿತ್ರದುರ್ಗದಲ್ಲಿ ಮೆಡಿಕಲ್ ಶಾಪು ಇಟ್ಟುಕೊಂಡಿದ್ದಾಳೆ. ಅದರ ಜೊತೆಗೆ ಒಂದು ಸೇವಾ ಕ್ಲಬ್ಬಿನ ಸದಸ್ಯೆ. ಕ್ಲಬ್ಬಿನವರು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಶಾಲು ಹೊದಿಸುವುದು, ಹಾರ ಹಾಕುವುದು, ಆಸ್ಪತ್ರೆಯಲ್ಲಿ ಮಲಗಿದವರ ಕೈಗೆ ಒಂದು ಸೇಬು ಕೊಟ್ಟು ಎಂಟು ಜನ ಫೋಟೊಗೆ ನಿಲ್ಲುವುದು, ಆಮೇಲೆ ಉಪ್ಪಿಟ್ಟು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಶಾರದಕ್ಕನನ್ನು ಎಷ್ಟೋ ಸಲ ರೇಗಿಸಿದ್ದೇನೆ. ಅದಕ್ಕೇ ಇರಬೇಕು, ಈ ಸಲ ಅವಳು ಫೋನಿನಲ್ಲಿ ಪಟ್ಟು ಹಿಡಿದಳು.

"ಲೇ ಗೌರಿ, ಕಾಲುಚೀಲ ಬಸ್ಸಿನೋರ ಕೈಯಾಗೆ ಕಳಿಸಬ್ಯಾಡ. ನೀನೇ ಬಾ. ಅಳತೆ ಹೆಚ್ಚು ಕಮ್ಮಿ ಆದ್ರೆ ಅಲ್ಲೇ ಸರಿ ಮಾಡ್ಕೊಡುವಂತೆ. ಉಪ್ಪಿಟ್ಟೂ ಐತೆ."

ಬಸ್‌ ಸ್ಟ್ಯಾಂಡಿನ ಎದುರು ಅವಳು ತನ್ನ ಹಳೇ ವ್ಯಾನಿನೊಳಗೆ ಕಾಯುತ್ತಿದ್ದಳು. ಅಲ್ಲೇ ಮಂಡಕ್ಕಿ ಒಗ್ಗರಣೆ, ಜೊತೆಗೊಂದು ಮಿರ್ಚಿ ತಿಂದು ಟೀ ಕುಡಿದೆವು. ವ್ಯಾನು ಓಡಿಸುವುದು ಶಾರದಕ್ಕನೇ. ಗೇರು ಬದಲಿಸುವಾಗಲೆಲ್ಲ ಗಾಡಿಗೆ ಬೈಯುತ್ತಾಳೆ, ಅದೂ ಮರ್ಯಾದೆಯಿಂದ ಮುಂದೆ ಹೋಗುತ್ತದೆ. ಹಿರಿಯೂರಿಗೆ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರು. ರಾತ್ರಿ ಮಳೆ ಬಂದು ಬಿಟ್ಟಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ಮೋಡದೊಳಗೆ ಹೋಗಿ ಹೋಗಿ ಬರುತ್ತಿದ್ದವು. ದಾರಿಯಲ್ಲಿ ಅವಳು ಮಗುವಿನ ವಿಷಯ ಹೇಳಿದಳು.

ಮಗುವಿನ ಹೆಸರು ಸಿಂಚನ. ಯಲ್ಲದಕೆರೆ ಕಡೆಯ ಕುರಿ ಕಾಯುವವರ ಮನೆಯ ಕೂಸು. ಹುಟ್ಟುವಾಗಲೇ ಬಲಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು, ಅಂಗಾಲು ಮೇಲಕ್ಕೆ ನೋಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಜೀವಮಾನವಿಡೀ ಪಾದದ ಮಗ್ಗುಲ ಮೇಲೆ ನಡೆಯಬೇಕಾಗುತ್ತಿತ್ತು. ಎಳೆತನದಲ್ಲೇ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಕಟ್ಟುತ್ತ ಬಂದರೆ ಅದು ಸರಿಯಾಗುತ್ತದೆ. ಕ್ಲಬ್ಬಿನವರು ವಾರ ತಪ್ಪದೆ ಕರೆದುಕೊಂಡು ಹೋಗಿ ಕಟ್ಟಿಸಿದ್ದರು. ಕೊನೆಯ ಪ್ಲಾಸ್ಟರ್ ಮೂರು ವಾರದ್ದು, ಅದನ್ನು ಬಿಚ್ಚುವ ದಿನ ಇವತ್ತು. ಬಿಚ್ಚಿದ ಕೂಡಲೇ ಎರಡೂ ಕಾಲಿಗೆ ಒಂದು ಜೊತೆ ಬೂಟು ಹಾಕಬೇಕು, ಬೂಟುಗಳ ನಡುವೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಇವತ್ತು ಹಾಕದಿದ್ದರೆ ಪಾದ ಮತ್ತೆ ಒಳಕ್ಕೆ ತಿರುಗಲು ಶುರುವಾಗುತ್ತದೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮಕ್ಕಳ ಮೂಳೆ ಡಾಕ್ಟರು ಚಿತ್ರದುರ್ಗದ ಆಸ್ಪತ್ರೆಗೆ ವಾರಕ್ಕೊಂದು ದಿನ ಬಂದು ಸಂಜೆ ನಾಲ್ಕಕ್ಕೆ ಹೊರಡುತ್ತಾರೆ. ಬರುವ ವಾರ ಅವರಿಗೆ ರಜೆ.

"ಮಗು ಎಲ್ಲೈತೆ ಈಗ?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ" ಎಂದಳು ಶಾರದಕ್ಕ. "ಮೂರು ವಾರದಾಗೆ ಕುರಿ ಎಲ್ಲೆಲ್ಲಿ ಹೋದ್ವೋ. ಫೋನು ಆಫ್ ಐತೆ."

ಹಿರಿಯೂರಿನಲ್ಲಿ ಅಲ್ಲಿಯ ಕ್ಲಬ್ಬಿನ ಚಂದ್ರಣ್ಣ ವ್ಯಾನು ಹತ್ತಿದರು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಫೋಟೊದಲ್ಲಿ ನಡುವೆ ನಿಲ್ಲುವವರು ಇವರೇ ಎಂದು ನೋಡಿದ ಕೂಡಲೇ ಅಂದುಕೊಂಡೆ. ಆದರೆ ಕೈಯಲ್ಲಿ ಲುಂಗಿ, ಟವೆಲ್ಲು, ಬುತ್ತಿ, ಒಂದು ಛತ್ರಿ. ಆಸ್ಪತ್ರೆಗೆ ಲುಂಗಿ ಯಾಕೆ ಎಂದು ಕೇಳಿದ್ದಕ್ಕೆ ನಕ್ಕರು.

"ನಾನು ಆಸ್ಪತ್ರೆಗೆ ಬರಲ್ಲಮ್ಮ. ನಾನು ಬದ್ಲಿ."

ಇದು ಈ ಕ್ಲಬ್ಬಿನವರ ಒಂದು ಪದ್ಧತಿ. ಮೊದಮೊದಲು ಇವರು ವ್ಯಾನು ಕಳಿಸಿದರೂ ತಾಯಂದಿರು ಹತ್ತುತ್ತಿರಲಿಲ್ಲವಂತೆ. ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ, ತಾನು ಹೋದರೆ ತನ್ನ ಕೆಲಸದ ಜಾಗದಲ್ಲಿ ಕೂರುವವರು ಇಲ್ಲವೆಂದು. ಅದು ಗೊತ್ತಾದ ಮೇಲೆ ವ್ಯಾನಿನ ಜೊತೆ ಒಬ್ಬ ಬದಲಿ ಆಳು ಹೋಗುತ್ತಾರೆ. ಹೊಳಲ್ಕೆರೆಯಲ್ಲಿ ಒಬ್ಬ ಮೇಷ್ಟ್ರು ಯಾರದೋ ಇಡ್ಲಿ ಗಾಡಿಯಲ್ಲಿ ಕೂತು ಬೆಳಗಿನ ವ್ಯಾಪಾರ ಮಾಡಿದರಂತೆ, ಚಟ್ನಿ ಮಾತ್ರ ಬೇಗ ಖಾಲಿಯಾಯಿತಂತೆ. ಸಿಂಚನಳ ತಾಯಿಗೆ ಕುರಿಮರಿ ಕಾಯುವ ಕೆಲಸ. ಅದಕ್ಕೆ ಬದಲಿ ಚಂದ್ರಣ್ಣ. ಉಪಕಾರ ಮಾಡುವವರನ್ನು ಬಹಳ ಕಂಡಿದ್ದೇನೆ, ಬದಲಿಗೆ ಹೋಗಿ ಕೂರುವವರನ್ನು ಕಂಡಿರಲಿಲ್ಲ.

ಯಲ್ಲದಕೆರೆಯಲ್ಲಿ ಮಗುವಿನ ಅಜ್ಜಿ ಕಾಟಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೊಕ್ಕೆಯ ಕೋಲು.

"ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಸಿ ನೀರು ಕೊಟ್ಟರು. ಮಗ ಸೊಸೆ ಎಲ್ಲಿ ಎಂದರೆ, "ತಾಳ್ಯದ ಕಡೀಕೆ ಹೋಗ್ಯಾರೆ. ಇಲ್ಲಿ ಮಳೆ ಜಾಸ್ತಿ ಆಗಿ ಎರೆ ಹೊಲ ಎಲ್ಲ ಕೆಸ್ರು. ಊರ ಹಿಂದ್ಲ ಮಸಾರಿ ಹೊಲದಾಗೆ ಮಂದೆ ನಿಲ್ಸ್ಯಾರೆ ಅಂತ ನಿನ್ನೆ ಸುದ್ದಿ ಬಂತು" ಎಂದರು. ಕಪ್ಪು ಮಣ್ಣಿನ ಹೊಲಕ್ಕೆ ಇಲ್ಲಿ ಎರೆ, ಕೆಂಪು ಮಣ್ಣಿನದಕ್ಕೆ ಮಸಾರಿ ಅನ್ನುತ್ತಾರೆ, ಅದರಲ್ಲಿ ಮಳೆಗೂ ಕುರಿ ನಿಲ್ಲಿಸಬಹುದು.

ಶಾರದಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಅಜ್ಜಿ ಮಾತು ಮುಂದುವರಿಸಿದರು.

"ಕಾಲಿಗೆ ಕಟ್ಟಿದ ಪಟ್ಟಿ ಬಿಚ್ಚಿಸ್ರಿ, ಬ್ಯಾಡ ಅನ್ನಲ್ಲ. ಆದ್ರೆ ಆ ಬೂಟು ಬ್ಯಾಡ. ಫೋಟಾದಾಗೆ ತೋರಿಸಿದ್ರಲ್ಲ, ನಡುವೆ ಕಬ್ಬಿಣ. ತುಡುಗು ದನಕ್ಕೆ ಹಾಕ್ತಾರೆ ಹಂಗೆ. ಹೆಣ್ಮಗೀಗೆ ಬೇಡಿ ಹಾಕಿದ್ರೆ ನೋಡ್ದೋರು ಏನಂದಾರು?"

"ಅಜ್ಜೀ, ಮೊದ್ಲು ಮೂರು ತಿಂಗ್ಳು ಹಗ್ಲು ರಾತ್ರಿ. ಆಮೇಲೆ ಮಲಗಿದಾಗ ಮಾತ್ರ, ನಾಕು ವರ್ಷ ತುಂಬೋಗಂಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ, ನೀವೇ ಹೇಳ್ರಿ."

"ಅದು ಗಾದೆ ಕಣವ್ವ. ಇದು ಕೂಸು."

ಶಾರದಕ್ಕನ ಮುಖ ಇಳಿಯಿತು. ಆ ಮನೆಯಲ್ಲಿ ಅಜ್ಜಿಯ ಮಾತು ಮೀರುವವರಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಹಾಕಿ ಕಳಿಸಿದರೂ ಮನೆಯಲ್ಲಿ ಬಿಚ್ಚಿಟ್ಟರೆ ಮುಗಿಯಿತು. ಎದ್ದು ಹೊರಟರೆ ಅಜ್ಜಿಯೂ ಅವರೆಕಾಯಿ ಮೊರವನ್ನು ಪಕ್ಕದ ಮನೆಗೆ ಕೊಟ್ಟು ಸೆರಗು ಸಿಕ್ಕಿಸಿಕೊಂಡರು. "ನಾನೂ ಬತ್ತೀನಿ. ನನ್ನ ಕೇಳ್ದೆ ಯಾರೂ ಏನೂ ಹಾಕಂಗಿಲ್ಲ."

ಅಡ್ಡದಾರಿ ಹಿಡಿದು ಹೊಸದುರ್ಗದ ಕಡೆಗೆ ಹೊರಟೆವು. ರಸ್ತೆ ಅಲ್ಲಲ್ಲಿ ಇತ್ತು, ಅಲ್ಲಲ್ಲಿ ಇರಲಿಲ್ಲ. ಎರಡೂ ಬದಿಗೆ ರಾಗಿ ತೆನೆ ಹಾಲುಗಟ್ಟಿತ್ತು, ನಡುನಡುವೆ ತೆಂಗಿನ ತೋಟಗಳು. ಅಜ್ಜಿಯ ಕೋಲಿನ ತುದಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಸುಮ್ಮನೆ ಮಾತಿಗೆಂದು ಈ ಕೊಕ್ಕೆಯನ್ನು ಹೇಗೆ ಬಗ್ಗಿಸಿದರು ಎಂದು ಕೇಳಿದೆ.

"ಹಸಿ ಇದ್ದಾಗ್ಲೇ ಬಗ್ಗಿಸ್ಬೇಕು. ಬೆಂಕಿಗೆ ಹಿಡ್ದು, ಬಗ್ಗಿಸಿ, ಹಗ್ಗ ಕಟ್ಟಿ ಇಡ್ತಾರೆ. ಒಣಗೋಗಂಟ ಹಗ್ಗ ಬಿಚ್ಚಂಗಿಲ್ಲ."

"ಮೊದ್ಲೇ ಬಿಚ್ಚಿದ್ರೆ?"

"ಮತ್ತೆ ಮೊದ್ಲಿನಂಗೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕೋಲನ್ನು ನನ್ನ ಮೊಣಕಾಲಿನಿಂದ ತೆಗೆದು ತಮ್ಮ ಮಡಿಲಿಗೆ ಇಟ್ಟುಕೊಂಡರು. ಆಮೇಲೆ ಹೊಸದುರ್ಗ ಬರುವವರೆಗೆ ಕಿಟಕಿಯ ಕಡೆಗೇ ಮುಖ. ಶಾರದಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

ಬೂಟು ಇದ್ದದ್ದು ಹೊಸದುರ್ಗದಲ್ಲಿ. ಅಲ್ಲಿಯ ಕ್ಲಬ್ಬಿನ ಅಧ್ಯಕ್ಷ ನಾಗರಾಜಪ್ಪನವರ ತಾಯಿ ಪಾರ್ವತಮ್ಮ ಅದನ್ನು ಕೊಡಿಸಿದ್ದರು. ಶಾರದಕ್ಕ ಬೆಳಿಗ್ಗೆ ಫೋನು ಮಾಡಿದಾಗ ನಾಗರಾಜಪ್ಪ "ಬರ್ರಿ ಬರ್ರಿ, ಎಲ್ಲ ರೆಡಿ ಐತೆ" ಎಂದಿದ್ದರು. ರೆಡಿ ಇದ್ದದ್ದು ಏನೆಂದು ಸಮುದಾಯ ಭವನದ ಬಾಗಿಲಲ್ಲಿ ನಿಂತಾಗ ತಿಳಿಯಿತು. ವೇದಿಕೆ, ಬ್ಯಾನರು, ಮೈಕು, ಸಾಲಾಗಿ ಕುರ್ಚಿ. ಮುಂದಿನ ಸಾಲುಗಳಲ್ಲಿ ಶಾಲೆ ಮಕ್ಕಳು. ಅವರಿಗೂ ಬ್ಯಾಗು ಕೊಡುವ ಕಾರ್ಯಕ್ರಮ ಇವತ್ತೇ. ಮೇಜಿನ ಮೇಲೆ ಶಾಲು, ಹಾರ, ಸೇಬು. ಇವೆಲ್ಲದರ ನಡುವೆ ಹೊಳೆಯುವ ಚಿನ್ನದ ಬಣ್ಣದ ಕಾಗದ ಸುತ್ತಿ, ಕೆಂಪು ರಿಬ್ಬನ್ನು ಹೂವಿನಂತೆ ಕಟ್ಟಿದ ಒಂದು ಪೆಟ್ಟಿಗೆ. ಸಿಂಚನಳ ಬೂಟು ಅದರೊಳಗಿತ್ತು. ಮುಖ್ಯ ಅತಿಥಿಗಳು ಬಂದು, ದೀಪ ಹಚ್ಚಿ, ಭಾಷಣ ಮಾಡಿ, ಬ್ಯಾಗು ಹಂಚಿ, ಕೊನೆಗೆ ಬೂಟಿನ ಹಸ್ತಾಂತರ. ಅತಿಥಿಗಳು ಇನ್ನೂ ಬಂದಿರಲಿಲ್ಲ.

"ಸಾರ್, ಡಾಕ್ಟ್ರು ನಾಕಕ್ಕೆ ಹೊಂಡ್ತಾರೆ" ಎಂದಳು ಶಾರದಕ್ಕ.

"ಹತ್ತೇ ನಿಮಿಷ ಮೇಡಂ. ಅತಿಥಿಗಳು ದಾರೀಲಿ ಅವ್ರೆ."

ಹತ್ತು ನಿಮಿಷ ಹೋಯಿತು. ಇನ್ನೊಂದು ಹತ್ತು ನಿಮಿಷವೂ ಹೋಯಿತು. ಅತಿಥಿಗಳು ಇನ್ನೂ ದಾರಿಯಲ್ಲೇ ಇದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತದಲ್ಲ ಎಂದು ನಾನು ಬಾಗಿಲಿಗೂ ಒಳಗೂ ಓಡಾಡತೊಡಗಿದೆ. ಕ್ಲಬ್ಬಿನವರ ಬಗ್ಗೆ ನಾನು ಹೇಳುತ್ತಿದ್ದುದೆಲ್ಲ ನಿಜವಾಯಿತು ಎಂಬ ಸಂತೋಷ ಕೂಡ ಆಗಲಿಲ್ಲ. ನಾಗರಾಜಪ್ಪ ಕೆಟ್ಟವರಲ್ಲ. ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು, "ನಮ್ಮವ್ವ ಕೈಯಾರೆ ಕೊಡ್ಬೇಕು ಅಂತ ಕಾಯ್ತಾ ಕುಂತೈತೆ ಮೇಡಂ. ಮುಂದಿನ ಸಾಲಿನಾಗೆ ನೋಡ್ರಿ, ರೇಷ್ಮೆ ಸೀರೆ. ಅದ್ಕೆ ಹೆಂಗೆ ಬ್ಯಾಡ ಅನ್ನಲಿ?"

ನಾವು ಹೀಗೆ ಗುಸುಗುಸು ಮಾಡುತ್ತಿರುವಾಗ ಕೋಲಿನ ಸದ್ದು ಕೇಳಿತು. ಕಾಟಮ್ಮಜ್ಜಿ ವ್ಯಾನಿನಿಂದ ಇಳಿದು ಬಂದು, ಕುರ್ಚಿಗಳ ನಡುವಿನ ಜಾಗದಲ್ಲಿ ನೇರ ನಡೆದು ವೇದಿಕೆ ಹತ್ತುತ್ತಿದ್ದರು. ಮಕ್ಕಳು ಕಿಸಕ್ಕೆಂದು ನಕ್ಕವು. ಅಜ್ಜಿ ಮೇಜಿನ ಮುಂದೆ ನಿಂತರು. ಮೈಕು ಆನ್ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ.

"ಇದ್ರಾಗೆ ನಮ್ಮ ಮಗೀನ ಬೂಟು ಯಾವ್ದು?"

ಮುಂದಿನ ಸಾಲಿನಿಂದ ಪಾರ್ವತಮ್ಮ ಎದ್ದರು. ಮೊಣಕಾಲು ನೋವಿರಬೇಕು, ಎರಡು ಮೆಟ್ಟಿಲು ಹತ್ತಲು ಮಗನ ಭುಜ ಹಿಡಿದರು.

"ಆ ಕೂಸಿನ ಅಜ್ಜೀನಾ ನೀವು?"

"ಹ್ಞೂಂ ಕಣವ್ವ. ದಾಕುಟ್ರು ಹೊಂಟೋಗ್ತಾರಂತೆ. ಹೊತ್ತಾಗ್ತೈತೆ."

"ಅಯ್ಯೋ, ಹಂಗಾದ್ರೆ ಯಾಕೆ ನಿಂತೀರಿ? ತಗಳ್ರಿ." ಪಾರ್ವತಮ್ಮ ಪೆಟ್ಟಿಗೆ ಎತ್ತಿ ಅಜ್ಜಿಯ ಕೈಗೆ ಕೊಟ್ಟರು. ಆಮೇಲೆ ಮಗನ ಕಡೆ ತಿರುಗಿ, "ಲೇ ನಾಗಾ, ಅತಿಥಿ ಬಂದ್ರೆ ಆ ಹಾರ ಹಾಕಿ ಕಳ್ಸು. ನಾನು ಕೊಡದ ಕೊಟ್ಟಾತು" ಎಂದರು.

ಮಕ್ಕಳು ಚಪ್ಪಾಳೆ ಹೊಡೆದವು. ಫೋಟೊದವನು ಟೀ ಕುಡಿಯಲು ಹೋಗಿದ್ದ. ನಾಗರಾಜಪ್ಪನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆದರೆ ನಾವು ವ್ಯಾನು ಹತ್ತುವಷ್ಟರಲ್ಲಿ ಅವರೇ ಓಡಿಬಂದು ಉಪ್ಪಿಟ್ಟು, ಕೇಸರಿಬಾತಿನ ಪೊಟ್ಟಣಗಳನ್ನು ಕಿಟಕಿಯಿಂದ ಒಳಗೆ ಹಾಕಿದರು. "ತಪ್ಪು ತಿಳ್ಕಬ್ಯಾಡ್ರಿ ಮೇಡಂ. ಮಗು ಬೂಟು ಹಾಕಿದ್ದು ಒಂದು ಫೋಟೊ ಕಳ್ಸ್ರಿ, ಅವ್ವಂಗೆ ತೋರಿಸ್ತೀನಿ" ಎಂದರು. ಆ ಫೋಟೊದ ಆಸೆ ಮಾತ್ರ ನನಗೆ ತಪ್ಪೆನಿಸಲಿಲ್ಲ.

ಹೊಸದುರ್ಗದಿಂದ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಓಡುವ ವ್ಯಾನಿನಲ್ಲೇ ಉಪ್ಪಿಟ್ಟು ತಿಂದೆವು. ಗೋಡಂಬಿ ಧಾರಾಳವಾಗಿ ಬಿದ್ದಿತ್ತು. ಹೊಳಲ್ಕೆರೆ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಡಬ್ಬಿ ಮುಗಿಯುವುದೇ ಇಲ್ಲ. ಅಜ್ಜಿ ಚಿನ್ನದ ಕಾಗದ ಬಿಡಿಸಿ, ಹರಿಯದಂತೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೂಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಕಬ್ಬಿಣದ ಪಟ್ಟಿಯನ್ನು ಕಟ್ಟಿಗೆ ನೋಡುವವರಂತೆ ಬಗ್ಗಿಸಿ ನೋಡಿದರು. ಅದು ಬಗ್ಗಲಿಲ್ಲ.

ತಾಳ್ಯದಲ್ಲಿ ಟೀ ಅಂಗಡಿಯವನನ್ನು ಕೇಳಿದ ಕೂಡಲೇ ದಾರಿ ತೋರಿಸಿದ. ಊರ ಹಿಂದಿನ ಹೊಲದಲ್ಲಿ ಬಲೆ ಕಟ್ಟಿದ್ದು ದೂರಕ್ಕೇ ಕಾಣಿಸಿತು. ದೊಡ್ಡ ಕುರಿಗಳನ್ನು ಹೊಡೆದುಕೊಂಡು ಮಗುವಿನ ತಂದೆ ಕರಿಯಪ್ಪ ಮೇಯಿಸಲು ಹೋಗಿದ್ದ. ಬಲೆಯೊಳಗೆ ಬರೀ ಮರಿಗಳು, ಪಕ್ಕದಲ್ಲಿ ಟಾರ್ಪಾಲಿನ ಗುಡಾರ. ಮಗುವಿನ ತಾಯಿ ಚಿತ್ತಮ್ಮ ನಮ್ಮನ್ನು ನೋಡಿ ಓಡಿಬಂದಳು. ಇನ್ನೂ ಎಳೇ ವಯಸ್ಸಿನ ಹೆಂಗಸು. "ಇವತ್ತೇ ಅಂತ ಗೊತ್ತಿತ್ತಕ್ಕ. ಫೋನು ಚಾರ್ಜಿಗೆ ಕೊಟ್ರೆ ಅಂಗಡಿಯೋನು ಬಾಗ್ಲು ಹಾಕ್ಕಂಡು ಮದ್ವೆಗೆ ಹೋಗ್ಯಾನೆ. ನೀವು ಬರದಿದ್ರೆ ನಡ್ಕಂಡಾದ್ರೂ ಬಸ್ಸಿಗೆ ಹೋಗಾಣ ಅಂತಿದ್ದೆ" ಎಂದಳು. ಮಳೆಯಲ್ಲಿ ಪ್ಲಾಸ್ಟರ್ ನೆನೆದಿರಬಹುದೆಂದು ಶಾರದಕ್ಕ ಹೆದರಿದ್ದಳು. ಚಿತ್ತಮ್ಮ ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಹಳೇ ಕಂಬಳಿಯ ಚೂರು ಕಟ್ಟಿದ್ದಳು. ಒಂದು ಹನಿ ತಾಗಿರಲಿಲ್ಲ.

ಚಂದ್ರಣ್ಣ ಗುಡಾರದ ಹಿಂದೆ ಹೋಗಿ ಲುಂಗಿ ಬನಿಯನ್ನಿನಲ್ಲಿ ಬಂದರು. ಬಿಳಿ ಅಂಗಿಯನ್ನು ನನ್ನ ಕೈಗೆ ಕೊಟ್ಟು ಮಡಿಕೆ ಕೆಡದಂತೆ ಇಡಿ ಎಂದರು.

"ಅಣ್ಣಾ, ತಾಯಿ ಕುರಿ ಬರೋಗಂಟ ಮರಿ ಬಿಡಬ್ಯಾಡ್ರಿ. ಆ ಕರೇದು ಬಲೆ ನುಗ್ತೈತೆ, ಅದ್ರ ಮ್ಯಾಲೆ ಒಂದು ಕಣ್ಣಿರ್ಲಿ" ಎಂದಳು ಚಿತ್ತಮ್ಮ.

"ಗೊತ್ತೈತೆ ಕಣಮ್ಮ. ಹೋದ ಸಲ ನನ್ನ ಪಂಚೆ ತಿಂದಿದ್ದು ಅದೇ. ನೀನು ಹೊಂಡು."

ಹೊಲದ ನಡುವೆ ಛತ್ರಿ ಬಿಚ್ಚಿ ಕೂತ ಚಂದ್ರಣ್ಣನನ್ನು ಬಿಟ್ಟು ನಾವು ಹೊರಟೆವು. ಶಾರದಕ್ಕ ವ್ಯಾನಿಗೆ ಬೈಯುವುದನ್ನೂ ಮರೆತು ಓಡಿಸಿದಳು. ಚಿತ್ರದುರ್ಗದ ಬಂಡೆಗಳು ಕಂಡಾಗ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಆಸ್ಪತ್ರೆಯ ಮೆಟ್ಟಿಲನ್ನು ಅಜ್ಜಿ ನಮಗಿಂತ ಮೊದಲು ಹತ್ತಿದರು.

ಡಾಕ್ಟರು ಇದ್ದರು. ಪ್ಲಾಸ್ಟರ್ ಕೊಯ್ಯುವ ಮಿಷಿನ್ನಿನ ಗರಗರ ಸದ್ದಿಗೆ ಸಿಂಚನ ಕಟ್ಟಡ ಹಾರಿಹೋಗುವಂತೆ ಅತ್ತಳು. ಚೂರು ಚೂರಾಗಿ ಬಿಳಿ ಸಿಪ್ಪೆ ಬಿದ್ದು ಕಾಲು ಹೊರಗೆ ಬಂತು. ಬಡಕಲಾಗಿ, ಚರ್ಮ ಸುಲಿದು, ಬಿಳಿಚಿಕೊಂಡಿತ್ತು. ಆದರೆ ನೆಟ್ಟಗಿತ್ತು. ಬೆರಳುಗಳು ಮುಂದಕ್ಕೆ, ಹಿಮ್ಮಡಿ ಹಿಂದಕ್ಕೆ, ಅಂಗಾಲು ಕೆಳಕ್ಕೆ. ಎಲ್ಲರ ಪಾದವೂ ಇರುವುದು ಹಾಗೆಯೇ, ಅದರಲ್ಲಿ ನೋಡುವುದೇನಿದೆ? ಆದರೂ ನನಗೆ ಕಣ್ಣು ತುಂಬಿ ಬಂತು, ಮರೆಮಾಡುವ ಗೋಜಿಗೆ ಹೋಗಲಿಲ್ಲ. ನನ್ನ ಕಾಲುಚೀಲ ಬಲಗಾಲಿಗೆ ದೊಗಲೆಯಾಯಿತು. ಸೂಜಿ ದಾರ ತೆಗೆದು ಅಲ್ಲೇ ಹಿಮ್ಮಡಿಯ ಬಳಿ ಹಿಡಿದು ಹೊಲಿದೆ. ನರ್ಸು ಬೂಟು ಹಾಕಿ, ಒಂದೊಂದು ಬೂಟಿಗೂ ಮೂರು ಮೂರು ಬಕಲು ಬಿಗಿಯುವುದನ್ನು ಚಿತ್ತಮ್ಮನಿಗೆ ತೋರಿಸಿಕೊಟ್ಟಳು. ಮೊದಲು ನಡುವಿನದು, ಆಮೇಲೆ ಮೇಲಿನದು, ಕೊನೆಗೆ ಬೆರಳಿನ ಕಡೆಯದು. ಅಜ್ಜಿ ಸೊಸೆಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ದಿನಕ್ಕೆ ಒಂದು ಗಂಟೆ ಮಾತ್ರ ಬಿಚ್ಚಬಹುದು, ಸ್ನಾನಕ್ಕೆ" ಎಂದರು ಡಾಕ್ಟರು. "ನನ್ನ ಕೆಲಸ ಹೆಚ್ಚುಕಡಿಮೆ ಮುಗಿಯಿತಮ್ಮ. ಇನ್ನು ಪಾದ ಹೀಗೇ ಉಳಿಯೋದು ನಿಮ್ಮ ಕೈಯಲ್ಲಿದೆ."

ವಾಪಸು ಹೋಗುವಾಗ ಮಗು ಎರಡೂ ಕಾಲನ್ನು ಒಟ್ಟಿಗೇ ಎತ್ತಿ ಎತ್ತಿ ಸೀಟಿಗೆ ಬಡಿಯುತ್ತಿತ್ತು. ಅದಕ್ಕೊಂದು ಹೊಸ ಆಟ ಸಿಕ್ಕಿತ್ತು. ಶಾರದಕ್ಕ ನಾಗರಾಜಪ್ಪನಿಗೆ ಫೋಟೊ ಕಳಿಸಿದಳು. ಅರ್ಧ ದಾರಿಯಲ್ಲಿ ಅಜ್ಜಿ, "ಒಂದ್ಸಲ ಬಿಚ್ಚೆ, ಕಾಲು ನೋಡಾಣ" ಎಂದರು. ಶುರುವಾಯಿತಲ್ಲ ಅಂದುಕೊಂಡೆ.

"ಬ್ಯಾಡತ್ತೆ" ಎಂದಳು ಚಿತ್ತಮ್ಮ. ಅಷ್ಟು ಹೊತ್ತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವಳು ಅತ್ತೆಯ ಮುಖ ನೋಡಿ ಹೇಳಿದಳು. "ಇವತ್ತಿನ ಒಂದು ಗಂಟೆ ನಿಮ್ಮ ಮಗಂಗೆ ಮಡಗೀನಿ. ಹುಟ್ಟಿದಾಗ ಸೊಟ್ಟ ಕಾಲು ನೋಡ್ಯಾನೆ, ಆಮೇಲೆ ಬರೀ ಕಟ್ಟಿದ ಪಟ್ಟಿ ನೋಡ್ಯಾನೆ. ಒಂದಿನಾನೂ ಆಸ್ಪತ್ರಿಗೆ ಬರಾಕೆ ಆಗಿಲ್ಲ."

ತಾಳ್ಯ ಮುಟ್ಟಿದಾಗ ಹೊತ್ತು ಇಳಿದಿತ್ತು. ದೊಡ್ಡ ಕುರಿಗಳು ಆಗತಾನೇ ಬಂದಿದ್ದವು. ಮರಿಗಳು ಕೂಗುತ್ತ ತಮ್ಮ ತಮ್ಮ ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿದ್ದವು. ಆ ಗದ್ದಲದ ನಡುವೆ ಚಂದ್ರಣ್ಣ ಕರೇ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಅದರ ತಾಯಿಯನ್ನು ಹುಡುಕುತ್ತಿದ್ದರು. ಲುಂಗಿಯ ಸ್ಥಿತಿ ಬರೆಯುವಂತಿರಲಿಲ್ಲ. ನಾನು ಅಂಗಿ ಕೊಡಲು ಹೋದರೆ, ಈಗ ಬೇಡಮ್ಮ, ಮೈಯೆಲ್ಲ ಕುರಿ ಎಂದು ನಕ್ಕರು.

ಕರಿಯಪ್ಪ ಕೋಲು ಹಿಡಿದು ದೂರದಲ್ಲೇ ನಿಂತಿದ್ದ. ಹತ್ತಿರ ಬರಲು ಹೆದರಿದಂತಿತ್ತು. ಚಿತ್ತಮ್ಮ ಗುಡಾರದ ಮುಂದೆ ಕಂಬಳಿ ಹಾಸಿ ಮಗುವನ್ನು ಮಲಗಿಸಿ, ಬಕಲು ಬಿಚ್ಚಿ, ಕಾಲುಚೀಲ ತೆಗೆದಳು. ಅವನು ಬಿಂದಿಗೆಯ ನೀರಲ್ಲಿ ಕೈ ತೊಳೆದು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈ ಒರೆಸಿಕೊಂಡು ಬಂದು ಮಂಡಿಯೂರಿದ. ಎರಡೂ ಪಾದಗಳನ್ನು ಒಂದೇ ಅಂಗೈಯಲ್ಲಿ ಇಟ್ಟುಕೊಂಡ. ಒಂದು ಕೊಂಚ ದಪ್ಪ, ಒಂದು ಕೊಂಚ ಬಡಕಲು, ಆದರೆ ಎರಡೂ ಅಂಗಾಲು ಅವನ ಅಂಗೈಗೆ ಸಮನಾಗಿ ಕೂತಿದ್ದವು. ಹೆಬ್ಬೆರಳಿನಿಂದ ಬಲಗಾಲಿನ ಹಿಮ್ಮಡಿ ಮುಟ್ಟಿದ, ಮತ್ತೆ ಮುಟ್ಟಿದ. ಮಗು ಅವನ ಅಂಗೈಯನ್ನು ಒದ್ದಿತು.

"ಒದಿತೈತೆ ಕಣೇ" ಎಂದ.

ಶಾರದಕ್ಕ ಗಡಿಯಾರ ನೋಡಿಕೊಂಡಳು. ಇನ್ನೂ ಹೊತ್ತಿತ್ತು, ನೋಡಿಕೊಳ್ಳಲಿ ಬಿಡು ಎಂದೇ ನನಗೆ ಅನ್ನಿಸುತ್ತಿತ್ತು. ಕಾಟಮ್ಮಜ್ಜಿ ಕೋಲು ಊರಿಕೊಂಡು ಬಂದು ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೊಮ್ಮಗಳ ಪಾದಗಳ ಮೇಲೆ ಒಂದು ಸಲ ಕೈಯಾಡಿಸಿದರು.

"ಸಾಕು ಬಿಡಪ್ಪ. ಒಣಗೋಗಂಟ ಹಿಂಗೇ ಇರ್ಬೇಕು" ಎಂದರು. ಕರಿಯಪ್ಪ ಅರ್ಥವಾಗದೆ ಅವ್ವನ ಮುಖ ನೋಡಿದ. ಅಜ್ಜಿ ಅವನ ಅಂಗೈಯಿಂದ ಪಾದ ಎತ್ತಿಕೊಂಡು ಕಾಲುಚೀಲ ಹಾಕಿದರು, ಬೂಟಿನೊಳಗೆ ಹಿಮ್ಮಡಿ ಒತ್ತಿ ಕೂರಿಸಿದರು. ಮೊದಲು ನಡುವಿನ ಬಕಲು, ಆಮೇಲೆ ಮೇಲಿನದು, ಕೊನೆಗೆ ಬೆರಳಿನ ಕಡೆಯದು. ಯಾರನ್ನೂ ಕೇಳಲಿಲ್ಲ.